ಪಗಡೆ ಜಮಖಾನೆ ಮತ್ತು ಕೂತವರನ್ನು ಎಬ್ಬಿಸುವ ಕಷ್ಟ

ಓದುವ ಹಿರಿಯರಿಗೂ ಕಿರಿಯರಿಗೂ ಶರಣು. ಶುರುವಿನಲ್ಲೇ ಒಂದು ಮಾತು ಒಪ್ಪಿಸಿಬಿಡುತ್ತೇನೆ. ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಮೀಸೆ ಮೂಡುವ ಹೊತ್ತಿಗೆ. ಅಲ್ಲಿಯವರೆಗೆ ಎಮ್ಮೆ ಕಾಯುತ್ತಿದ್ದೆ. ನನ್ನ ಸೊಂಟಕ್ಕೆ ಬರುವ ಹುಡುಗರ ನಡುವೆ ಕೂತು ಅಕ್ಷರ ತಿದ್ದಿದೆ. ಹೊಸದಾಗಿ ಬಂದ ಇನ್‌ಸ್ಪೆಕ್ಟರರು ನನ್ನನ್ನೇ ಮಾಸ್ತರರೆಂದು ತಿಳಿದು ನಮಸ್ಕಾರ ಮಾಡಿದ್ದೂ ಉಂಟು. ಹಾಗೆ ತಡವಾಗಿ ಒಳಗೆ ಹೋದ ವಿದ್ಯೆ ಹೊರಗೆ ಬರುವಾಗಲೂ ತಡಮಾಡುತ್ತದೆ. ಈಗ ಮೊಮ್ಮಗಳ ಟೈಪರೈಟರಿನ ಮುಂದೆ ಕೂತು ಒಂದೇ ಬೆರಳಿನಿಂದ ಕುಟ್ಟುತ್ತಿದ್ದೇನೆ. ಒತ್ತಕ್ಷರದ ಗುಂಡಿ ಸಿಗುವಷ್ಟರಲ್ಲಿ ಹೇಳಬೇಕಾದ ಮಾತು ಅಂಗಳ ದಾಟಿ ಹೋಗಿರುತ್ತದೆ. ತಪ್ಪು ಕಂಡಲ್ಲೆಲ್ಲ ಅದು ಬೆರಳಿನದು, ಮನಸ್ಸಿನದಲ್ಲ ಎಂದು ತಿಳಿದು ಹೊಟ್ಟೆಗೆ ಹಾಕಿಕೊಳ್ಳಿ.

ಒಂದೊಂದು ಸೀಮೆಯ ಜನಕ್ಕೆ ಒಂದೊಂದು ಚಟ ಇರುತ್ತದೆ. ನಮ್ಮ ಧಾರವಾಡ ಕಡೆಯವರ ಚಟವೆಂದರೆ, ನಿಂತ ಮನುಷ್ಯನನ್ನು ಕಂಡರೆ ನಮಗೆ ತಡೆಯಲು ಆಗುವುದಿಲ್ಲ. ಅವನು ಯಾರು, ಯಾಕೆ ಬಂದ ಎಂಬುದೆಲ್ಲ ಆಮೇಲೆ. ಮೊದಲು "ಬರ್ರಿ, ಕೂಡ್ರಿ" ಅಂದುಬಿಡುತ್ತೇವೆ. ಒಮ್ಮೆ ನಮ್ಮ ಮನೆಗೆ ರೋಣದ ಕಡೆಯಿಂದ ಒಂದು ಚಕ್ಕಡಿ ತುಂಬ ಜನ ಬಂದಿಳಿದರು. ಅಪ್ಪ "ಬರ್ರಿ, ಕೂಡ್ರಿ" ಅಂದರು. ಅವ್ವ ಉಪ್ಪಿಟ್ಟು ಮಾಡಿದಳು. ಮಳೆ ಬೆಳೆ ಮಾತಾಯಿತು, ಎತ್ತಿನ ಮಾತಾಯಿತು, ಎಲೆ ಅಡಿಕೆ ಆಯಿತು. ಕೊನೆಗೆ ಅವರಲ್ಲಿ ಹಿರಿಯನೊಬ್ಬ ಗಂಟಲು ಸರಿಮಾಡಿಕೊಂಡು, "ಇನ್ನ ಹುಡಿಗೀನ ಕರೀರಿ, ನೋಡಿಬಿಡೂಣು" ಅಂದ. ಅಪ್ಪ ನಮ್ಮ ಮೂವರನ್ನೂ ಒಂದು ಸಲ ನೋಡಿ, "ನಮಗ ಇರೋದು ಮೂರೂ ಗಂಡಸ ಮಕ್ಕಳ್ರೀ" ಅಂದರು. ಕನ್ಯೆಯ ಮನೆ ಮುಂದಿನ ಓಣಿಯಲ್ಲಿತ್ತು. ಹೋಗುವಾಗಲೂ ಅಪ್ಪ ಅವರಿಗೆ, "ಅಲ್ಲಿ ಮುಗಿಸಿಕೊಂಡು ಊಟಕ್ಕ ಇಲ್ಲೇ ಬರ್ರಿ" ಎಂದೇ ಹೇಳಿ ಕಳಿಸಿದರು.

ಇಂಥ ಮನೆಯಿಂದ ಎದ್ದು ನಾನು ಪುಣೆಗೆ ಹೋಗಿ ಕಾರಕೂನನಾದೆ. ಆಗ ನಮ್ಮ ಧಾರವಾಡ ಜಿಲ್ಲೆಯೂ ಪುಣೆಯೂ ಒಂದೇ ಮುಂಬೈ ಪ್ರಾಂತದಲ್ಲಿದ್ದವು. ಎರಡನೆಯ ಮಹಾಯುದ್ಧಕ್ಕೆ ಇನ್ನೂ ಐದಾರು ವರ್ಷವಿತ್ತು. ಸದಾಶಿವ ಪೇಟೆಯ ಒಂದು ಹಳೆಯ ವಾಡೆಯಲ್ಲಿ ಎರಡು ಕೋಣೆ ಹಿಡಿದು ನಾನೂ ನನ್ನ ಹೆಂಡತಿ ನೀಲವ್ವನೂ ಸಂಸಾರ ಹೂಡಿದೆವು. ಊರೇನೋ ಚೆಲುವಾದದ್ದು. ಬೆಳಗಿನ ಚಳಿ, ಟಾಂಗಾದ ಗೆಜ್ಜೆ, ಓಣಿ ಓಣಿಗೂ ಒಂದು ಗಣಪತಿ ಗುಡಿ, ನೀರಿನ ಹೌದದ ಸುತ್ತ ಹಿತ್ತಾಳೆ ಕೊಡಗಳ ಸದ್ದು. ಈಗಲೂ ಕಣ್ಣು ಮುಚ್ಚಿದರೆ ಆ ಸದ್ದೇ ಮೊದಲು ಬರುತ್ತದೆ. ಆದರೆ ಅಲ್ಲಿಯ ಜನ ಮಾತಿನಲ್ಲಿ ಬಲು ಬಿಗಿ. ಅಂಗಡಿಗೆ ಹೋದರೆ ಅಂಗಡಿಕಾರ ತಲೆ ಎತ್ತುತ್ತಿರಲಿಲ್ಲ. ನಾಲ್ಕು ಸಲ ಕೆಮ್ಮಿದರೆ "ಕಾಯ?" ಅಂತ ಕೇಳುತ್ತಿದ್ದ, ಅಂದರೆ ಏನು. ನಮ್ಮ ವಾಡೆಯ ಮಾಲಕರು ಆಪಟೆ ಕಾಕಾ, ಪಿಂಚಣಿ ಪಡೆದ ಹೆಡ್‌ಮಾಸ್ತರರು, ತೆಳ್ಳಗೆ ಕೋಲಿನಂತಿದ್ದವರು. ತಿಂಗಳ ಬಾಡಿಗೆ ಕೊಡಲು ಹೋದಾಗಲೆಲ್ಲ ಹೊಸ್ತಿಲ ಆ ಕಡೆ ಅವರು, ಈ ಕಡೆ ನಾನು. ಅಷ್ಟು ವರ್ಷದಲ್ಲಿ ಒಂದು ಸಲವೂ ಅವರು ನನಗೆ "ಬಸಾ", ಕೂಡಿ, ಎಂದವರಲ್ಲ. ಕೆಟ್ಟವರೇನೂ ಅಲ್ಲ. ನೀಲವ್ವನಿಗೆ ಜ್ವರ ಬಂದಾಗ ಮಧ್ಯಾಹ್ನದ ನಿದ್ದೆ ಬಿಟ್ಟು ವೈದ್ಯರನ್ನು ಕರೆತಂದವರು ಅವರೇ. ಆಗಲೂ ಹೊರಗೇ ನಿಂತಿದ್ದರು.

ಪುಣೆಯಲ್ಲಿ ನಮ್ಮದೊಂದು ಕನ್ನಡಿಗರ ಬಳಗವಿತ್ತು. ಕಾರಕೂನರು, ಒಬ್ಬಿಬ್ಬರು ವಕೀಲರು, ಬೆಳಗಾವಿಯ ವ್ಯಾಪಾರಿಗಳು. ರವಿವಾರ ಸೇರಿ ಚುರಮುರಿ ತಿಂದು ಕರ್ನಾಟಕದ ಏಳಿಗೆಯ ಬಗ್ಗೆ ಚಿಂತೆ ಮಾಡುತ್ತಿದ್ದೆವು. ಅಧ್ಯಕ್ಷರು ದೇಸಾಯರು. ಜರತಾರಿ ರುಮಾಲು, ಕಂಚಿನ ಕಂಠ. ಆ ವರ್ಷ ಊರಲ್ಲಿ ಸ್ವದೇಶಿ ವಸ್ತುಗಳ ದೊಡ್ಡ ಪ್ರದರ್ಶನ ನಡೆಯುವುದೆಂದು ಗೊತ್ತಾದಾಗ ದೇಸಾಯರು ಎದ್ದು ನಿಂತರು.

"ಕೂತ ಚುರಮುರಿ ತಿಂದ್ರ ನಾಡು ಉದ್ಧಾರ ಆಗೂದಿಲ್ಲರೀ" ಅಂದರು ಅವರು, ಚುರಮುರಿಯ ಬಟ್ಟಲು ಕೆಳಗಿಡದೆಯೇ. "ನಮ್ಮ ಕಡೆ ಏನಿಲ್ಲ? ಇಳಕಲ್ ಸೀರಿ ಅದ, ಗುಳೇದಗುಡ್ಡದ ಖಣ ಅದ, ಗೋಕಾವಿ ಗೊಂಬಿ ಅದ. ಮಾಡೋ ಕೈ ನಮ್ಮಲ್ಲಿ ಅವ, ಕೊಳ್ಳೋ ಕೈ ಇಲ್ಲಿ ಅವ. ನಡುವ ನಾವು ನಿಂತು ಕೈಗೆ ಕೈ ಕೂಡಸ್ಬೇಕು. ಹಂಗಾದ್ರ ಆ ಸೀಮಿನೂ ಬೆಳೀತದ, ಕಸಬೂ ಉಳೀತದ."

ಎಲ್ಲರೂ ಚಪ್ಪಾಳೆ ತಟ್ಟಿದೆವು. ನನಗೆ ಏನು ಹುಕಿ ಬಂತೋ, ಎದ್ದು ನಿಂತು, "ನವಲಗುಂದದ ಜಮಖಾನಿ ಬಿಟ್ರಲ್ಲರೀ" ಅಂದೆ. ಸಭೆಯಲ್ಲಿ ಬಾಯಿ ತೆರೆದವನ ಕೊರಳಿಗೆ ಕೆಲಸ ಬೀಳುತ್ತದೆ ಎಂಬ ಲೋಕಾನುಭವ ನನಗೆ ಆಗ ಇರಲಿಲ್ಲ. ಜಮಖಾನೆ ತರುವ ಹೊಣೆ, ಹರವುವ ಹೊಣೆ, ಮಾರುವ ಹೊಣೆ ಎಲ್ಲ ನನ್ನದಾಯಿತು.

ನವಲಗುಂದ ನನ್ನ ಊರು. ನಮ್ಮ ಹಿತ್ತಲಿಗೆ ಹತ್ತಿದ ಮನೆ ಹುಸೇನಬಿಯದು. ನಮ್ಮ ಅವ್ವನನ್ನು ಅಕ್ಕ ಎನ್ನುತ್ತಿದ್ದಳು, ನಾವು ಆಕೆಯನ್ನು ಚಿಗವ್ವ ಎನ್ನುತ್ತಿದ್ದೆವು. ಆ ಮನೆಯ ಒಳಗೋಣೆಯಲ್ಲಿ ಗೋಡೆಗೆ ಆನಿಸಿದ ನೆಟ್ಟನೆಯ ಮಗ್ಗ. ಅದರ ಮುಂದೆ ಇಬ್ಬರು ಹೆಂಗಸರು ಅಕ್ಕಪಕ್ಕ ಕೂತು ಕೆಂಪು, ಹಳದಿ, ನೀಲಿ ನೂಲಿನಲ್ಲಿ ಬೆರಳಾಡಿಸುತ್ತ ನವಿಲು ಮೂಡಿಸುತ್ತಿದ್ದರು. ಒಂದು ಸಾಲು ಮುಗಿದೊಡನೆ ಕಬ್ಬಿಣದ ಹಣಿಗೆಯಿಂದ ಟಪ್ ಟಪ್ ಎಂದು ಬಡಿದು ಕೂರಿಸುತ್ತಿದ್ದರು. ಎಳವೆಯಲ್ಲಿ ನನಗೆ ಜೋಗುಳವೂ ಅದೇ, ಬೆಳಗಿನ ಕೋಳಿಯೂ ಅದೇ.

ನಾನು ಹೋದಾಗ ಚಿಗವ್ವ ಹೊರಗೆ ನೂಲು ಸುತ್ತುತ್ತಿದ್ದಳು. ಒಳಗೆ ಸೊಸೆ ಫಾತೂ ಮಗ್ಗದ ಮುಂದೆ ಒಬ್ಬಳೇ ಕೂತಿದ್ದಳು. ನನ್ನ ಪ್ರದರ್ಶನದ ಪುರಾಣವನ್ನೆಲ್ಲ ಕೇಳಿ ಚಿಗವ್ವ ಅಂದಳು:

"ಬಸ್ಯಾ, ನಿನ್ನ ಪುಣ್ಯಾದ ಮಂದಿ ನೆಲದ ಮ್ಯಾಲ ಕೂಡ್ತಾರೋ, ಇಲ್ಲಾ ಎಲ್ಲಾರೂ ಕುರ್ಚಿ ಹತ್ಯಾರೋ?"

"ಕೂಡ್ತಾರ ಚಿಗವ್ವಾ."

"ಹಂಗಾರ ಒಯ್ಯಿ. ಆದ್ರ ಒಂದ ಮಾತು ಕೇಳು. ಹತ್ತಿ ಬಿಡಸೂದು ಮುಗದ ಕೂಡ್ಲೆ ನಮ್ಮ ಫಾತೂ ಹತ್ತಿ ಅರಿಯೋ ಗಿರಣಿಗೆ, ಆ ಜಿನ್ನಿಗೆ ಹೊಂಟೀನಿ ಅಂತಾಳ. ಅಲ್ಲಿ ವಾರಕ್ಕೊಮ್ಮೆ ಕೂಲಿ ಕೈಗೆ ಬೀಳ್ತೈತಿ. ಇಲ್ಲಿ ನೇದ ಜಮಖಾನಿ ಗಳಾದ ಮ್ಯಾಲ ಹಾಕಿ ಇಲಿ ಕಾಯೂದು. ನನಗ ಕಣ್ಣ ಮಬ್ಬಾಗ್ಯಾವು. ಆಕಿ ಎದ್ದು ಹೋದ್ಲು ಅಂದ್ರ ಈ ಮಗ್ಗಾ ಒಲಿಗೇ ಸೈ."

"ಮಗಳಿಗರ ಕಲಸಬೇಕಿತ್ತಲ್ಲ?"

"ಮಗಳು ಲಗ್ನಾಗಿ ಪರ ಊರಿಗೆ ಹೋಗಾಕಿ. ಆಕಿ ಬೆನ್ನ ಹತ್ತಿ ಕಸಬೂ ಹೋಗ್ತೈತಿ. ಸೊಸಿ ಅಂದ್ರ ಮನ್ಯಾಗ ಉಳ್ಯಾಕಿ. ನಮ್ಮ ಮಂದ್ಯಾಗ ಸೊಸಿಗಷ್ಟ ಕಲಸೂದು."

"ಹಂಗಾರ ನನಗ ಕಲಸು."

"ನೀ ನನ್ನ ಸೊಸಿ ಆಗ್ತೀಯೇನೋ?"

ಒಳಗೆ ಹಣಿಗೆಯ ಸದ್ದು ನಿಂತು ನಗು ಕೇಳಿತು. ಆಮೇಲೆ ಫಾತೂ ಬಾಗಿಲ ಮರೆಗೆ ಬಂದು ನಿಂತು ಹೇಳಿದಳು: "ಅಣ್ಣಾ, ಖರೇನ ಆರ್ಡರ್ ತಂದ್ರ ನಾ ಮಗ್ಗಾ ಬಿಟ್ಟು ಏಳೂದಿಲ್ಲ. ಬರೇ ಹೊಗಳಿಕಿ ತರಬ್ಯಾಡ್ರಿ. ಹೊಗಳಿಕಿ ನಮ್ಮತ್ತಿ ಕಡೆ ಒಂದ ಪೆಟಗಿ ತುಂಬ ಐತಿ."

ನವಿಲಿನ ಒಂದಿಷ್ಟು ಜಮಖಾನೆಗಳ ಜೊತೆ ಒಂದು ದೊಡ್ಡದನ್ನೂ ಚಿಗವ್ವ ಕಟ್ಟಿಕೊಟ್ಟಳು. ಅದರ ನಟ್ಟನಡುವೆ ಪಗಡೆಯ ಹಾಸು, ಮನೆಗಳ ಸಮೇತ, ನೂಲಿನಲ್ಲೇ ನೇಯ್ದದ್ದು. ಆ ಹೊರೆಯನ್ನು ಹೊತ್ತು ಹುಬ್ಬಳ್ಳಿಯಲ್ಲಿ ಗಾಡಿ ಹತ್ತಿದೆ. ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬ ಮುದುಕ ಕಂಬಿ ಹಿಡಿದು ಜೋಲಿ ಹೊಡೆಯುತ್ತಿದ್ದ. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅಜ್ಜಾ, ಈ ಗಂಟಿನ ಮ್ಯಾಲ ಕೂಡ್ರಿ" ಅಂದೆ. ಅವನ ಹಿಂದೆ ಅವನ ಹೆಂಡತಿ, ಆಕೆಯ ಹಿಂದೆ ಇನ್ಯಾರೋ. ಮಿರಜದವರೆಗೆ ಇಡೀ ಒಂದು ಬೀಗರ ಬಳಗ ಚಿಗವ್ವನ ನವಿಲುಗಳ ಮೇಲೆ ಕೂತು ಬಂತು. ಮುಂದೆ ಆಗಲಿದ್ದದ್ದಕ್ಕೆ ಅದೇ ಮುನ್ಸೂಚನೆ ಎಂದು ನನಗೆ ಹೊಳೆಯಲಿಲ್ಲ.

ಪ್ರದರ್ಶನದ ದಿನ ನಮ್ಮ ಬಳಗಕ್ಕೆ ಒಂದು ಉದ್ದನೆಯ ಮಳಿಗೆ ಸಿಕ್ಕಿತು. ಮುಂದುಗಡೆ ಸೀರೆ, ಖಣ, ಗೊಂಬೆ. ತುದಿಯ ಮೂಲೆ ನನ್ನದು. ದೇಸಾಯರು ಬಂದು ನೋಡಿ, "ಬಸವಂತಪ್ಪನವರ, ಗೋಡಿಗೆ ತೂಗ ಹಾಕ್ರಿ. ಪ್ರದರ್ಶನ ಅಂದ್ರ ಕಣ್ಣಿಗೆ ಹೊಡೀಬೇಕು" ಅಂದರು.

"ಜಮಖಾನಿ ನೆಲದ ವಸ್ತುರೀ. ತೂಗ ಹಾಕಿದ್ರ ಪಡದೆ ಅಂತಾರ" ಅಂದೆ ನಾನು. ನವಿಲಿನವನ್ನು ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಿ, ದೊಡ್ಡ ಪಗಡೆ ಜಮಖಾನೆಯನ್ನು ನೆಲಕ್ಕೆ ಹಾಸಿ, ಅದರ ಅಂಚಿನಲ್ಲಿ ಕೈ ಕಟ್ಟಿ ನಿಂತೆ. ಮಳಿಗೆಯ ಮುಂದುಗಡೆ ಆಗಲೇ ನೂಕುನುಗ್ಗಲು. ಪುಣೆಯ ಹೆಂಗಸರಿಗೆ ಖಣ ಅಂದರೆ ಪ್ರಾಣ. ಅಲ್ಲಿಯ ಸದ್ದು ಕೇಳಿ ನನ್ನ ಮೈಯಲ್ಲಿ ಹುರುಪು ತುಂಬಿತು. ಆಗ ಬಂದರು ನೋಡಿ, ನಮ್ಮ ಆಪಟೆ ಕಾಕಾ.

ಅವರು ಇಡೀ ಬಯಲು ಸುತ್ತಿ ದಣಿದಿದ್ದರು. ಛತ್ರಿ ಊರಿಕೊಂಡು ಜಮಖಾನೆಯ ಮುಂದೆ ನಿಂತು, ವಸ್ತುವಿನ ದೋಷ ಹುಡುಕುವವರಂತೆ ಕಣ್ಣು ಸಣ್ಣಗೆ ಮಾಡಿದರು. ಆಗ ಬಾಯಿ ಮುಚ್ಚಿಕೊಂಡು ಬೆಲೆ ಹೇಳಬೇಕಾದವನು ನಾನು. ನನ್ನ ಬಾಯಿಂದ ಬಂದದ್ದು, "ಯಾ ಕಾಕಾ, ಬಸಾ." ಬರ್ರಿ, ಕೂಡ್ರಿ.

ಕಾಕಾ ನನ್ನನ್ನು ವಿಚಿತ್ರವಾಗಿ ನೋಡಿದರು. ಪುಣೆಯಲ್ಲಿ ಯಾವ ಅಂಗಡಿಯವನೂ ಅವರಿಗೆ ಹಾಗೆ ಅಂದಿರಲಿಕ್ಕಿಲ್ಲ. ಚಪ್ಪಲಿ ಕಳಚಿ ಕೂತರು. ಕೂತವರು ಸುತ್ತ ನೋಡಿ, "ಅರೆ, ಹಾ ತರ ಸಾರಿಪಾಟ" ಅಂದರು. ಅಂದರೆ ಇದು ಪಗಡೆಯ ಹಾಸು. ಅವರ ಮುಖದ ಮೇಲೆ ಹತ್ತು ವರ್ಷದ ಹುಡುಗನೊಬ್ಬ ಬಂದು ಹೋದ. ಅಜ್ಜನ ಮನೆಯಲ್ಲಿ ಆಡಿದ್ದು, ಆಮೇಲೆ ಅಜ್ಜ ತೀರಿಕೊಂಡು ಪಗಡೆ ಅಟ್ಟ ಸೇರಿದ್ದು, ಎಲ್ಲ ಹೇಳಿದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಷ್ಟರಲ್ಲಿ ಅವರ ಓರಗೆಯ ಇನ್ನೊಬ್ಬರು ಬಂದು ನಿಂತರು. ನಾನು "ಬಸಾ" ಅಂದೆ. ಮತ್ತೊಬ್ಬರು ಬಂದರು, "ಬಸಾ" ಅಂದೆ. ಆಟದ ಕಾಯಿಗೆಂದು ಯಾರೋ ಮುಂದುಗಡೆಯಿಂದ ಬಣ್ಣದ ಸಣ್ಣ ಮರದ ಗೊಂಬೆಗಳನ್ನು ಎರವಲು ತಂದರು, ಇನ್ಯಾರೋ ಕಿಸೆಯಿಂದ ಕವಡೆ ತೆಗೆದರು. ಸಂಜೆಯ ಹೊತ್ತಿಗೆ ನಾಲ್ವರು ಆಡುವವರು, ಅವರ ಬೆನ್ನಿಗೆ ಆಟ ಹೇಳಿಕೊಡುವವರು, ಅವರ ಬೆನ್ನಿಗೆ ಅವರ ತಪ್ಪು ತೆಗೆಯುವವರು. ಜಮಖಾನೆಯ ಒಂದು ಎಳೆಯೂ ಕಾಣುತ್ತಿರಲಿಲ್ಲ. ಹೊಸದಾಗಿ ಬಂದವರು ನಮ್ಮ ಮೂಲೆಯನ್ನು ಪ್ರದರ್ಶನದ ವಿಶ್ರಾಂತಿ ಸ್ಥಳವೆಂದೇ ತಿಳಿದು ಸಾಮಾನು ಇಟ್ಟು ಹೋಗತೊಡಗಿದರು. ನಾನು ಅವುಗಳನ್ನೂ ಕಾಯ್ದೆ.

ಮರುದಿನವೂ ಅದೇ ಕಥೆ. ಬಾಗಿಲು ತೆರೆಯುವ ಮೊದಲೇ ಕಾಕಾ ಬಂದು ನಿಂತಿದ್ದರು. ಮಧ್ಯಾಹ್ನ ಟಾಂಗಾದಿಂದ ಒಬ್ಬ ದೊಡ್ಡ ಮನೆತನದ ಹೆಂಗಸು ಇಳಿದು ಬಂದಳು. ಆಕೆ ಕೊಳ್ಳುವವಳೇ ಎಂದು ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಜಮಖಾನೆಯ ಇಷ್ಟೇ ಇಷ್ಟು ಅಂಚು ಕಂಡು ಬೆಲೆ ಕೇಳಿದಳು. ಹೇಳಬೇಕೆಂದು ಬಾಯಿ ತೆರೆದೆ. ಕಾಕಾ ಕವಡೆ ಹಿಡಿದ ಕೈಯನ್ನು ಮೇಲೆತ್ತಿ, ತಲೆ ತಿರುಗಿಸದೆ, "ಥಾಂಬಾ ಬಾಯಿ, ಡಾವ ಸಂಪೂ ದ್ಯಾ" ಅಂದರು. ತಡೆಯಮ್ಮಾ, ಆಟ ಮುಗಿಯಲಿ. ಆಕೆ ಸ್ವಲ್ಪ ಹೊತ್ತು ನಿಂತಳು. ಪಗಡೆಯ ಆಟ ಮುಗಿಯುವುದನ್ನು ಕಾಯ್ದವರು ಯಾರಿದ್ದಾರೆ. ಟಾಂಗಾ ಹೊರಟುಹೋಯಿತು. ಕುದುರೆಯ ಗೊರಸಿನ ಸದ್ದು ನನಗೆ ಮಗ್ಗ ಒಡೆಯುವ ಕೊಡಲಿಯ ಹಾಗೆ ಕೇಳಿತು.

ಬುತ್ತಿ ತಂದ ನೀಲವ್ವ ಈ ಜಾತ್ರೆಯನ್ನು ನೋಡಿ ನನ್ನನ್ನು ಮೂಲೆಗೆ ಕರೆದಳು.

"ಎಷ್ಟು ಮಾರಿದ್ರಿ?"

"ಇನ್ನೂ ಇಲ್ಲ."

"ಹ್ಯಾಂಗ ಮಾರ್ತೀರಿ, ಮಂದಿ ಮ್ಯಾಲ ಕೂತಾರ. ಎಬ್ಬಸ್ರಿ."

"ಕೂಡ್ರಿ ಅಂದಾಂವ ನಾನ. ಕೂತವರನ್ನ ಯಾವ ಬಾಯಿಲೆ ಏಳ್ರಿ ಅನ್ಲಿ?"

"ಅಲ್ಲಿ ಫಾತೂ ಜಿನ್ನಿಗೆ ಹೋಗಾಕ ತಯಾರಾಗಿ ನಿಂತಾಳ. ಇಲ್ಲಿ ನಿಮಗ ಬಾಯಿ ಚಿಂತಿ. ತಡೀರಿ, ನಾನ ಎಬ್ಬಸ್ತೀನಿ." ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ನನಗೆ ಹೆಮ್ಮೆಯೂ ಹೆದರಿಕೆಯೂ ಒಟ್ಟಿಗೇ ಆದವು. ಜಮಖಾನೆಯ ಹತ್ತಿರ ಹೋಗುವಷ್ಟರಲ್ಲಿ ಆಕೆಗೆ ಎದುರಾಗಿ ಒಬ್ಬ ಮುದುಕಿ, ಕೈಯಲ್ಲಿ ಸೀರೆಯ ಗಂಟು, ಏದುಸಿರು. ನೀಲವ್ವ ನಿಂತಳು. ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ ಆಟಗಾರರನ್ನು ಒಂದಿಷ್ಟು ಸರಿಸಿ, "ಯಾಕ ನಿಂತೀರಿ ಯವ್ವಾ, ಬಸಾ, ಬಸಾ" ಅಂದಳು. ನನ್ನ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿಯೂ ಅಲ್ಲೇ ಹಂಚಿಹೋದವು. ಚಟ್ನಿ ಖಾರವಾಯಿತೆಂದು ಕಾಕಾ ನನಗೇ ನೀರು ತರಲು ಹೇಳಿದರು.

ಕೊನೆಯ ದಿನ ಬಂತು. ಮಳಿಗೆಯ ಮುಂದುಗಡೆ ಖಣ ತೀರಿಹೋಗಿ ಖಾಲಿ ಹಲಗೆ ಉಳಿದಿತ್ತು. ಗೋಕಾವಿಯ ಗೊಂಬೆಗಳಲ್ಲಿ ನಮ್ಮ ಪಗಡೆಗೆ ಎರವಲು ಬಂದವು ಮಾತ್ರ ಉಳಿದಿದ್ದವು. ನನ್ನ ಮೂಲೆಯಲ್ಲಿ ನವಿಲುಗಳು ಸುರುಳಿಯಿಂದ ಇನ್ನೂ ಹೊರಗೆ ಬಂದಿರಲಿಲ್ಲ. ದೇಸಾಯರು ಬಂದು ಸೊಂಟದ ಮೇಲೆ ಕೈಯಿಟ್ಟರು.

"ಬಸವಂತಪ್ಪನವರ, ಇದು ಪ್ರದರ್ಶನ ಅದನೋ, ಧರ್ಮಶಾಲೆ ಅದನೋ?"

"ನಾಲ್ವರೂ ಒಳ್ಳೆ ಆಟಗಾರರ್ರೀ" ಅಂದೆ ನಾನು. ಅವರು ರುಮಾಲು ಸರಿಮಾಡಿಕೊಂಡು ಹೋಗಿಬಿಟ್ಟರು. ನಾನು ಸುರುಳಿಗಳ ಪಕ್ಕ ನಿಂತು ಲೆಕ್ಕ ಹಾಕತೊಡಗಿದೆ. ನವಲಗುಂದದಲ್ಲಿ ಹತ್ತಿ ಬಿಡಿಸುವುದು ಶುರುವಾಗಿರಬೇಕು. ಚಿಗವ್ವನಿಗೆ ಏನು ಹೇಳುವುದು? ಮಂದಿ ಬಹಳ ಮೆಚ್ಚಿದರು, ಎದ್ದೇ ಏಳಲಿಲ್ಲ ಎನ್ನುವುದೇ? ಅದನ್ನೂ ಪೆಟ್ಟಿಗೆಯಲ್ಲಿಡು ಎಂದು ಫಾತೂ ಅನ್ನುವುದು ಕಿವಿಯಲ್ಲೇ ಕೇಳಿಸಿತು.

ಹೊತ್ತು ಇಳಿಯುವಾಗ ಆಪಟೆ ಕಾಕೂ ಬಂದರು, ಕಾಕಾನ ಮನೆಯವರು. ಗುಂಡಗೆ, ಗಿಡ್ಡಗೆ, ಒಂಬತ್ತು ಗಜದ ಸೀರೆ ಬಿಗಿದು ಕಟ್ಟಿದವರು. ಗಂಡ ಎರಡು ದಿನದಿಂದ ಮಧ್ಯಾಹ್ನದ ಊಟಕ್ಕೆ ಬಂದಿಲ್ಲವೆಂದು ಹುಡುಕುತ್ತ ಬಂದಿದ್ದರು. ಅವರ ಹಿಂದೆ ನಮ್ಮ ಓಣಿಯ ಹೆಂಗಸರೆಲ್ಲ ಇದ್ದರು, ಏನಾಗುತ್ತದೋ ನೋಡಲು. ನಾನು ಅವರಿಗೂ "ಯಾ ಕಾಕೂ, ಬಸಾ" ಅಂದೆ. ಅವರು ಕೂಡಲಿಲ್ಲ. ಗಂಡನ ಬೆನ್ನ ಹಿಂದೆ ನಿಂತು ಒಂದೇ ಮಾತು ಅಂದರು: "ಉಠಾ." ಏಳಿ.

ಎಲ್ಲರೂ ಎದ್ದರು. ಆಡುವವರು, ಹೇಳಿಕೊಡುವವರು, ತಪ್ಪು ತೆಗೆಯುವವರು, ಏನೂ ಸಂಬಂಧವಿಲ್ಲದೆ ಮೂಲೆಯಲ್ಲಿ ಮಲಗಿದ್ದ ಒಬ್ಬ ಪೈಲವಾನನೂ ಎದ್ದ. ಪ್ರದರ್ಶನ ಶುರುವಾದಾಗಿನಿಂದ ನಾನು ಮನಸ್ಸಿನಲ್ಲೇ ಹಣ್ಣಾಗಿಸುತ್ತಿದ್ದ ಮಾತು ಅಷ್ಟು ಸಣ್ಣದೆಂದು ನನಗೆ ಗೊತ್ತೇ ಇರಲಿಲ್ಲ.

ಆಗ ಜಮಖಾನೆ ಮೊದಲ ಸಲ ಪೂರ್ತಿ ಕಂಡಿತು. ಮೇಲೆ ಚಹಾ ಚೆಲ್ಲಿತ್ತು, ಚಟ್ನಿ ಬಿದ್ದಿತ್ತು, ಊರಿನ ಧೂಳೆಲ್ಲ ಇತ್ತು. ಕಾಕೂ ಅದನ್ನು ನೋಡಿ ಮೂಗು ಮುರಿದರು. ಆದರೆ ಪುಣೆಯ ಗೃಹಿಣಿ ವಸ್ತುವನ್ನು ಬೈಯುವುದಕ್ಕೂ ಪರೀಕ್ಷೆ ಮಾಡಿಯೇ ಬೈಯುತ್ತಾಳೆ. ನೀಲವ್ವನಿಗೆ ಒಂದು ತುದಿ ಹಿಡಿಯಲು ಹೇಳಿ, ತಾವೊಂದು ತುದಿ ಹಿಡಿದು ಹೊರಗೆ ಒಯ್ದು ಝಾಡಿಸಿದರು. ಧೂಳಿನ ಮೋಡ ಎದ್ದು ನಾವೆಲ್ಲ ಕೆಮ್ಮಿದೆವು. ಮತ್ತೆ ಹಾಸಿದರು. ಉಗುರಿನಿಂದ ಎಳೆ ಎಳೆದು ನೋಡಿದರು. ತಿರುವಿ ಹಾಕಿ ಹಿಂಬದಿ ನೋಡಿದರು, ಅಲ್ಲೂ ಮುಂಬದಿಯೇ ಇತ್ತು. ಸೆರಗಿನ ತುದಿ ನೀರಲ್ಲಿ ಅದ್ದಿ ಕೆಂಪು ನೂಲಿನ ಮೇಲೆ ತಿಕ್ಕಿದರು, ಹಳದಿಯ ಮೇಲೆ ತಿಕ್ಕಿದರು. ಸೆರಗಿಗೆ ನೂಲಿನ ಬಣ್ಣ ಹತ್ತಲಿಲ್ಲ. ಚಹಾದ ಕಲೆ ಮಾತ್ರ ಹತ್ತಿ ಬಂತು. ನಾನು ಮ್ಯಾಟ್ರಿಕ್ ಪರೀಕ್ಷೆಯಲ್ಲೂ ಅಷ್ಟು ಬೆವರಿರಲಿಲ್ಲ, ಅದಕ್ಕೆ ಎರಡು ಸಲ ಕೂತಿದ್ದರೂ.

ಕಾಕೂ ಗಂಡನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು: "ನೀವೆಲ್ಲಾ ಇದರ ಮೇಲೆಯೇ ಕೂತಿದ್ದಿರಾ? ಬೆಳಗಿನಿಂದ ಸಂಜೆತನಕ? ಈ ಪೈಲವಾನನೂ?"

"ಹೋ", ಹೌದು, ಅಂದರು ಕಾಕಾ, ಸಣ್ಣ ದನಿಯಲ್ಲಿ.

"ಹಾಗಾದರೆ ನಮ್ಮ ಮನೆಯಲ್ಲಿ ನನ್ನ ಮೊಮ್ಮಕ್ಕಳ ಕಾಲದವರೆಗೆ ಬರುತ್ತದೆ" ಎಂದು ಹೆಂಗಸರಿಗೆ ಹೇಳಿ ನನ್ನ ಕಡೆ ನೋಡಿದರು. "ಬೇರೆ ಇವೆಯೇ?"

ನಾನು ಸುರುಳಿ ಬಿಚ್ಚಿದೆ. ನವಿಲುಗಳು ಹೊರಗೆ ಬಂದವು. ಅವು ಎಷ್ಟು ಬೇಗ ಹೋದವೆಂದರೆ, ನಾನು ಎಲ್ಲವನ್ನೂ ಸರಿಯಾಗಿ ಹಾಸಿ ನೋಡಲೂ ಇಲ್ಲ. ಆಪಟೆ ಕಾಕೂ ಉಗುರು ಹಾಕಿ ನೋಡಿದ ವಸ್ತುವನ್ನು ಸದಾಶಿವ ಪೇಟೆಯಲ್ಲಿ ಇನ್ನೊಬ್ಬರು ನೋಡುವ ಅಗತ್ಯವಿಲ್ಲ. ಸಿಗದವರು ಕಾಕೂವಿನ ಸುತ್ತ ನಿಂತು, ಚೈತ್ರದ ಗೌರಿಯ ಅರಿಶಿನ ಕುಂಕುಮಕ್ಕೆ ಮನೆ ತುಂಬ ಹೆಂಗಸರು ಬರುತ್ತಾರೆ, ಅಷ್ಟರೊಳಗೆ ನಮಗೂ ಬೇಕು, ಉದ್ದನೆಯದು, ನವಿಲಿನದು ಎಂದು ಹೇಳಿಸಿದರು. ಚೈತ್ರ ಅಂದರೆ ಸರಿಯಾಗಿ ಜಿನ್ನುಗಳು ಹಗಲಿರುಳು ಓಡುವ ಕಾಲ, ಈಗ ಫಾತೂ ಮಗ್ಗ ಬಿಟ್ಟು ಅತ್ತ ಹೋಗುವಂತಿಲ್ಲ. ನನಗೆ ಅಲ್ಲೇ ಕುಣಿಯಬೇಕೆನಿಸಿತು. ವಯಸ್ಸೂ ಇತ್ತು, ಆದರೆ ದೇಸಾಯರು ನೋಡುತ್ತಿದ್ದರು.

ಕಾಕಾ ಪಗಡೆಯ ಜಮಖಾನೆಯನ್ನು ಬೆರಳಿನಿಂದ ಮುಟ್ಟಿ, "ಇದನ್ನೂ ತೆಗೆದುಕೊಂಡರೆ" ಎಂದು ಶುರುಮಾಡಿದರು. ಕಾಕೂ ಅವರನ್ನು ಒಮ್ಮೆ ನೋಡಿದರು. ಕಾಕಾ ಚಪ್ಪಲಿ ಮೆಟ್ಟಿಕೊಂಡರು. ಪಗಡೆ ಆಡಿ ರಾಜ್ಯ ಕಳೆದುಕೊಂಡವರ ಕಥೆ ಗೊತ್ತಿರುವ ಯಾವ ಹೆಂಗಸೂ ಅದನ್ನು ಮನೆಯೊಳಗೆ ಬಿಡಲು ಒಪ್ಪಲಿಲ್ಲ.

ಆರ್ಡರು ಹೇಳಲು ನಾನೇ ಊರಿಗೆ ಹೋದೆ. ಫಾತೂ ಬಾಗಿಲ ಮರೆಯಿಂದ ಎಲ್ಲ ಕೇಳಿಸಿಕೊಂಡು, "ಇದು ಹೊಗಳಿಕಿ ಅಲ್ಲ ಹೌದಲ್ರೀ ಅಣ್ಣಾ?" ಎಂದು ಕೇಳಿದಳು. ಹೊಗಳಿಕೆ ಒಂದು ಮಾತೂ ಇಲ್ಲ, ಬರೇ ಆರ್ಡರು ಎಂದೆ. ಆಕೆ ಒಳಗೆ ಹೋಗಿ ಮಗ್ಗದ ಮುಂದೆ ಕೂತಳು. ಉಳಿದ ಪಗಡೆ ಜಮಖಾನೆಯನ್ನು ಚಿಗವ್ವನ ಮುಂದಿಟ್ಟರೆ ಆಕೆ ಕೈಯಿಂದ ಸವರಿ ಸರಿಸಿಬಿಟ್ಟಳು.

"ಅರ್ಧಾ ಪುಣೆ ಕೂತೆದ್ದದ್ದು. ಇದನ್ನ ನಾ ಯಾರಿಗೆ ಹೊಸಾದು ಅಂತ ಮಾರ್ಲೋ? ನೀನ ಇಟ್ಕೋ."

ಹೀಗೆ ಅದು ವಾಡೆಯ ನಮ್ಮ ಎರಡು ಕೋಣೆಗೆ ಬಂತು. ಅದರ ವಾಸನೆ ಹಿಡಿದು ಬಂದವರಂತೆ ರವಿವಾರ ಬೆಳಿಗ್ಗೆ ಕಾಕಾ ಬಂದರು, ಹಿಂದೆ ಉಳಿದ ಮೂವರು. ಅಷ್ಟು ವರ್ಷ ಹೊಸ್ತಿಲು ದಾಟದ ಮನುಷ್ಯ ಹೊಸ್ತಿಲು ದಾಟಿದ್ದಕ್ಕೆ ನನಗೆ ಸಂತೋಷವೇ ಆಯಿತು. ಮಧ್ಯಾಹ್ನದವರೆಗೆ ಆಯಿತು. ಸಂಜೆಗೆ ನಾನು ತರಕಾರಿ ಚೀಲ ಹಿಡಿದು ಒಳಗೆ ಬಂದರೆ ಕೂಡಲು ಜಾಗವಿರಲಿಲ್ಲ. ನೀಲವ್ವ ಒಲೆಯ ಮುಂದಿನಿಂದ, "ಜಮಖಾನಿ ಮಾರಿ ಬರ್ರಿ ಅಂತ ಕಳಿಸಿದ್ರ, ಮಂದೀನ ಕೊಂಡು ಬಂದೀರಿ" ಅಂದಳು. ಅಂದಳೇ ಹೊರತು ಚಹಾದ ನೀರಿಗೆ ಇನ್ನೊಂದು ಲೋಟ ಸೇರಿಸುವುದನ್ನು ಬಿಡಲಿಲ್ಲ. ಆ ರವಿವಾರಗಳು ನಾವು ಆ ವಾಡೆ ಬಿಡುವವರೆಗೂ ನಡೆದವು. ಯುದ್ಧ ಶುರುವಾಗಿ ಸಕ್ಕರೆ ಸಿಗದೇ ಹೋದಾಗ ಬೆಲ್ಲದ ಚಹಾ ಕುಡಿದುಕೊಂಡೇ ಆಡಿದರು. ಆಟ ನನಗೆ ಇವತ್ತಿಗೂ ಬರುವುದಿಲ್ಲ. ನಿಂತು ನೋಡಿದವನಿಗೆ ಏನು ಬರುತ್ತದೆ.

ಮುಂದೆ ಒಂದೆರಡು ವರ್ಷ ನನಗೆ ಊರ ಕಡೆ ಹೋಗಲಾಗಲಿಲ್ಲ. ಆರ್ಡರು ಪುಣೆಯಿಂದ ನೇರವಾಗಿ ಅವರಿಗೇ ಹೋಗುತ್ತಿದ್ದವು, ನನ್ನ ಕೆಲಸವಿರಲಿಲ್ಲ. ದೊಡ್ಡಪ್ಪನ ಮಗನ ಮದುವೆಗೆಂದು ಹೋದಾಗ, ನಿಜ ಹೇಳುತ್ತೇನೆ, ಒಂದಿಷ್ಟು ಹೊಗಳಿಸಿಕೊಳ್ಳಬೇಕೆಂಬ ಆಸೆ ನನಗಿತ್ತು. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಪುಣೆಯ ಚಿವಡಾದ ದೊಡ್ಡ ಪೊಟ್ಟಣ ಹಿಡಿದು, ಮದುವೆಯ ಮನೆಯಲ್ಲಿ ಕಾಲು ನಿಲ್ಲದೆ ಚಿಗವ್ವನ ಬಾಗಿಲಿಗೆ ಹೋಗಿ ನಿಂತೆ. ಪಡಸಾಲೆಯ ತುಂಬ ಬಣ್ಣದ ನೂಲು ಹರಡಿತ್ತು. ಒಳಗೆ ಒಂದರ ಪಕ್ಕ ಒಂದು ಎರಡು ಮಗ್ಗ. ಫಾತೂ ಹೊಸದಾಗಿ ಬಂದ ನೆಗೆಣ್ಣಿಯನ್ನು, ಅಂದರೆ ಚಿಗವ್ವನ ಕಿರಿಸೊಸೆಯನ್ನು, ಪಕ್ಕದಲ್ಲಿ ಕೂಡಿಸಿಕೊಂಡು, ಆಕೆಯ ಬೆರಳು ಹಿಡಿದು ನವಿಲಿನ ಕುತ್ತಿಗೆ ತಿರುಗಿಸುವುದನ್ನು ತೋರಿಸುತ್ತಿದ್ದಳು. ನಾನು ಕೆಮ್ಮಿದೆ.

"ಯಾರ ಅದು?" ಮೂಲೆಯಿಂದ ಚಿಗವ್ವನ ದನಿ.

"ಪುಣ್ಯಾದ ಅಣ್ಣಾ" ಅಂದಳು ಫಾತೂ, ಮಗ್ಗದಿಂದ ಕಣ್ಣು ತೆಗೆಯದೆ. "ಅಣ್ಣಾ, ಅಲ್ಲೇ ನಿಂದ್ರಿ. ನೂಲ ತುಳದೀರಿ. ಒಳಗ ಜಾಗಾ ಇಲ್ಲ."

"ಆರ್ಡರ್ ತಂದಾನೇನು?"

"ಇಲ್ಲ. ಏನೋ ಪೊಟ್ಲಾ ತಂದಾರ."

"ಹಂಗಾರ ಸಂಜೀಕ ಬಾ ಅನ್ನು. ಈಗ ಯಾರಿಗೆ ಪುರಸೊತ್ತೈತಿ."

ಮತ್ತೆ ಹಣಿಗೆಯ ಸದ್ದು ಶುರುವಾಯಿತು, ಈ ಸಲ ಎರಡು ಕಡೆಯಿಂದ. ನನ್ನ ಊರಲ್ಲಿ, ನನ್ನ ಚಿಗವ್ವನ ಬಾಗಿಲಲ್ಲಿ, ಕೂಡ್ರಿ ಅನ್ನುವವರಿಲ್ಲದೆ ಇಸ್ತ್ರಿಯ ಕೋಟಿನಲ್ಲಿ ಬಿಸಿಲಿಗೆ ನಿಂತಿದ್ದೆ. ಹೋಗಬಹುದಿತ್ತು. ಹೋಗಲಿಲ್ಲ. ಬಹಳ ಹೊತ್ತು ಹಾಗೇ ನಿಂತು ಆ ಸದ್ದು ಕೇಳಿದೆ, ಚಿವಡಾ ಅರ್ಧ ನಾನೇ ತಿಂದು ಮುಗಿಸಿದೆ.

ನಿಮ್ಮಲ್ಲಿಯೂ ಯಾರಾದರೂ ನಮ್ಮ ಕಡೆಯ ಕೈಕೆಲಸದ ವಸ್ತು ಮಾರಲು ಹೋಗಿ ಇಂಥ ಪೇಚಿಗೆ ಬಿದ್ದಿದ್ದರೆ ದಯವಿಟ್ಟು ನನಗೂ ಬರೆದು ತಿಳಿಸಿ. ಬೆರಳು ನಿಧಾನ, ಉತ್ತರ ತಡವಾದೀತು. ಅಲ್ಲಿಯವರೆಗೆ ಒಂದಿಷ್ಟು ನಿಂತಿರಿ.